ತಾಯಿಯ ಕೋರಿಕೆ, ವೆಲ್ಲೂರಿನ ಉತ್ತರ

ಮಕ್ಕಳು ನಾಲ್ಕು ಜನರ ಮುಂದೆ ಎತ್ತರದ ಜಾಗದಲ್ಲಿ ಕೂರಬೇಕೆಂದು ಬಯಸದ ತಾಯಿಯುಂಟೇ? ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಅಂಥ ಒಬ್ಬ ತಾಯಿ ಬರುತ್ತಾಳೆ. ಆಕೆ ಜೆಬೆದಾಯನೆಂಬ ಬೆಸ್ತನ ಹೆಂಡತಿ. ಆಕೆಯ ಇಬ್ಬರು ಮಕ್ಕಳು, ಯಾಕೋಬ ಮತ್ತು ಯೋಹಾನ, ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಸೇರಿದ್ದರು. ಆಕೆ ಯೇಸುವಿನ ಬಳಿ ಬಂದು ಅಡ್ಡಬಿದ್ದು, ರಾಜ್ಯ ಬಂದಾಗ ತನ್ನ ಮಕ್ಕಳಲ್ಲಿ ಒಬ್ಬನನ್ನು ಬಲಕ್ಕೂ ಇನ್ನೊಬ್ಬನನ್ನು ಎಡಕ್ಕೂ ಕೂರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತಾಳೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಶಿಫಾರಸು. ಉಳಿದ ಹತ್ತು ಮಂದಿಗೆ ಇದು ತಿಳಿದು ಸಿಟ್ಟು ಬರುತ್ತದೆ. ಆ ಸಿಟ್ಟು ಕೋರಿಕೆ ತಪ್ಪು ಎಂಬುದಕ್ಕೋ, ತಮಗಿಂತ ಮೊದಲೇ ಅವರು ಕೇಳಿಬಿಟ್ಟರಲ್ಲ ಎಂಬುದಕ್ಕೋ, ಸುವಾರ್ತೆ ಹೇಳುವುದಿಲ್ಲ. ಊಹಿಸುವುದೇನೂ ಕಷ್ಟವಲ್ಲ!

ತಂಡಗಳು ಒಡೆಯುವುದು ಹೀಗೆಯೇ. ಶಾಲೆಯ ಕ್ರಿಕೆಟ್ ತಂಡವಿರಲಿ, ಕಾಲೇಜಿನ ವಾರ್ಷಿಕೋತ್ಸವ ಸಮಿತಿಯಿರಲಿ, ಎನ್ನೆಸ್ಸೆಸ್ ಶಿಬಿರವಿರಲಿ, ಕೆಲಸದ ಬಗ್ಗೆ ಜಗಳವಾಗುವುದು ಕಡಿಮೆ; ಹೆಸರು ಯಾರದು ಮೊದಲು ಎಂಬುದಕ್ಕೇ ಜಗಳ ಹೆಚ್ಚು. ಯೇಸು ಆ ಹನ್ನೆರಡು ಮಂದಿಯನ್ನೂ ಹತ್ತಿರ ಕರೆದು, ಜನರ ಮೇಲೆ ದರ್ಪ ನಡೆಸುವುದು ಲೋಕದ ದೊರೆಗಳ ರೀತಿ, ನಿಮ್ಮದು ಹಾಗಿರಕೂಡದು, ದೊಡ್ಡವನಾಗಬೇಕೆನ್ನುವವನು ಉಳಿದವರ ಆಳಾಗಲಿ ಎಂಬರ್ಥದ ಉತ್ತರ ಕೊಟ್ಟರು. ತಾವು ಬಂದದ್ದೂ ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಮಾಡುವುದಕ್ಕೆ ಎಂದರು.

ಈ ಕೊನೆಯ ಮಾತೇ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಧ್ಯೇಯವಾಕ್ಯ. ಬೆಂಗಳೂರು, ಕೋಲಾರದ ಕಡೆಯ ಎಷ್ಟೋ ಮನೆಗಳವರು ರೋಗಿಯನ್ನು ಕರೆದುಕೊಂಡು ಒಮ್ಮೆಯಾದರೂ ಅಲ್ಲಿಗೆ ಹೋಗಿಬಂದವರೇ. ಧ್ಯೇಯವಾಕ್ಯವನ್ನು ಗೋಡೆಗೆ ಬರೆಸುವುದು ಸುಲಭ. ಅದರಂತೆ ಒಂದು ತಂಡವನ್ನು ಕಟ್ಟಿ ನಡೆಸಿದವರುಂಟೇ ಎಂದು ಕೇಳಿದರೆ, ಆ ಸಂಸ್ಥೆಯ ಸ್ಥಾಪಕಿ ಡಾ. ಇಡಾ ಸ್ಕಡರ್ ಅವರ ಬದುಕನ್ನೇ ನೋಡಬೇಕು.

ಇಡಾ ಹುಟ್ಟಿದ್ದು 1870ರಲ್ಲಿ, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ತಂದೆ, ತಾತ ಇಬ್ಬರೂ ಮಿಷನರಿ ವೈದ್ಯರು. ಮನೆತನದ ಆ ದಾರಿ ಮಾತ್ರ ಅವರಿಗೆ ಬೇಡವಾಗಿತ್ತು. ಅಮೆರಿಕದಲ್ಲಿ ಓದಿ, ಅಲ್ಲೇ ನೆಲೆಸುವ ಆಸೆ. ತಾಯಿಗೆ ಕಾಯಿಲೆಯೆಂದು ತಿಂಡಿವನಂಗೆ ಬಂದಿದ್ದಾಗ ಒಂದೇ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರಂತೆ ಬಾಗಿಲು ತಟ್ಟಿದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ತಂದೆ ವೈದ್ಯರು, ಅವರನ್ನು ಕರೆದುಕೊಂಡು ಹೋಗಿ ಎಂದರೆ, ಪರಪುರುಷ ಹೆಂಗಸನ್ನು ಮುಟ್ಟುವುದನ್ನು ಆ ಮೂವರೂ ಒಪ್ಪಲಿಲ್ಲ. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಇಡಾ ಅಮೆರಿಕಕ್ಕೆ ಮರಳಿ ವೈದ್ಯಕೀಯ ಓದಿದರು. 1899ರಲ್ಲಿ ಕಾರ್ನೆಲ್‌ನಲ್ಲಿ ಪದವಿ ಮುಗಿಸಿ, 1900ರಲ್ಲಿ ವೆಲ್ಲೂರಿಗೆ ಬಂದರು. 1902ರಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು.

ಇಲ್ಲಿಯವರೆಗಿನದು ಒಬ್ಬ ಧೈರ್ಯವಂತೆಯ ಕಥೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತವೆ. ನಿಜವಾದ ಪಾಠ ಶುರುವಾಗುವುದು ಇದಾದ ಮೇಲೆ.

ಹೊಸ ಆಸ್ಪತ್ರೆಗೆ ರೋಗಿಗಳು ಮುತ್ತಿಕೊಂಡರು. ಇದ್ದದ್ದು ಒಬ್ಬರೇ ವೈದ್ಯೆ. ಇಂಥ ಹೊತ್ತಿನಲ್ಲಿ ಚುರುಕಾದವರು ಸಾಮಾನ್ಯವಾಗಿ ಮಾಡುವುದೇನು? ಎಲ್ಲವನ್ನೂ ತಾವೇ ಹೊತ್ತುಕೊಳ್ಳುತ್ತಾರೆ. ಗುಂಪಿನಲ್ಲಿ ಮಾಡಬೇಕಾದ ಪ್ರಾಜೆಕ್ಟನ್ನು ತರಗತಿಯ ಜಾಣ ಹುಡುಗಿಯೊಬ್ಬಳೇ ರಾತ್ರಿಯೆಲ್ಲ ಕೂತು ಮುಗಿಸಿಬಿಡುವಂತೆ. ಅಂಕ ಬರುತ್ತದೆ, ಉಳಿದ ನಾಲ್ವರು ಏನನ್ನೂ ಕಲಿತಿರುವುದಿಲ್ಲ. ಇಡಾ ಹಾಗೆ ಮಾಡಿದ್ದರೆ ವೆಲ್ಲೂರಿನಲ್ಲಿ ಒಬ್ಬ ಹೆಸರುವಾಸಿ ವೈದ್ಯೆ ಇರುತ್ತಿದ್ದರು, ಅವರು ಹೋದ ಮೇಲೆ ಒಂದು ಖಾಲಿ ಕಟ್ಟಡ ಇರುತ್ತಿತ್ತು. ಅವರು ತಮ್ಮ ಸಮಯದಲ್ಲಿ ಪಾಲು ತೆಗೆದು ಇತರರಿಗೆ ಕಲಿಸಲು ಕೊಟ್ಟರು. 1909ರಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ವಾರಕ್ಕೊಮ್ಮೆ ಹಳ್ಳಿಗಳ ಕಡೆ ಗಾಡಿಯಲ್ಲಿ ಹೊರಟು, ದಾರಿಯ ಮರದ ನೆರಳಿನಲ್ಲಿ ನಿಂತು ಚಿಕಿತ್ಸೆ ಕೊಡುವ ಪದ್ಧತಿಯೂ ಬಂತು.

ಮುಂದಿನದು ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ. ವೈದ್ಯಕೀಯ ಕಲಿಯಲು ಯಾವ ಹುಡುಗಿ ಬರುತ್ತಾಳೆ ಎಂಬ ಅನುಮಾನ ಮದರಾಸಿನ ಅಧಿಕಾರಿಗಳಿಗಿತ್ತು. ಆರು ಮಂದಿ ಸಿಕ್ಕಿದರೆ ಶುರುಮಾಡಿ ಎಂದರಂತೆ. ಬಂದ ಅರ್ಜಿಗಳು 151. ಶಾಲೆ 1918ರಲ್ಲಿ ಆರಂಭವಾಗಿ, ಮೊದಲ ತಂಡದ 14 ಮಂದಿ 1922ರಲ್ಲಿ ವೈದ್ಯೆಯರಾಗಿ ಹೊರಬಂದರು.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಇದಕ್ಕೆ ಹೊಂದುವ ಇನ್ನೊಂದು ಪ್ರಸಂಗವಿದೆ. ಕೊನೆಯ ರಾತ್ರಿಯ ಊಟದ ಹೊತ್ತಿನಲ್ಲಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾರೆ. ಗುರುವಿನ ಪಾದಕ್ಕೆ ಶಿಷ್ಯ ಎರಗುವ ನಮ್ಮ ನಾಡಿನಲ್ಲಿ ಇದರ ವಿಚಿತ್ರ ಬೇಗ ಮನಸ್ಸಿಗೆ ತಟ್ಟುತ್ತದೆ. ಪೇತ್ರನೂ ಬೇಡವೆಂದು ಕಾಲು ಹಿಂದಕ್ಕೆಳೆದವನೇ. ತಮ್ಮನ್ನು ಹಿಡಿದುಕೊಡಲಿದ್ದ ಯೂದನೂ ಆ ಪಂಕ್ತಿಯಲ್ಲಿದ್ದ. ಅವನನ್ನು ಬಿಟ್ಟು ಮುಂದೆ ಹೋದರೆಂದು ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ. ಇದನ್ನು ಬರೀ ವಿನಯವೆಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ನಾನು ಮಾಡಿದಂತೆ ನೀವೂ ಒಬ್ಬರಿಗೊಬ್ಬರು ಮಾಡಬೇಕು ಎಂಬ ಸೂಚನೆಯೂ ಅದರ ಜೊತೆಗಿದೆ. ಕೆಲಸ ಕಲಿಸಿ, ಕೆಲಸವನ್ನು ಬಿಟ್ಟುಕೊಡುವ ನಾಯಕತ್ವ ಅದು.

ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದು ಇಡಾ ಅವರಿಗೆ ತಿಳಿದದ್ದು 1938ರಿಂದೀಚೆಗೆ. ಅಲ್ಲಿಯವರೆಗೆ ಶಾಲೆ ಕೊಡುತ್ತಿದ್ದದ್ದು ಎಲ್.ಎಂ.ಪಿ. ಎಂಬ ಡಿಪ್ಲೊಮಾ. ಇನ್ನು ಮುಂದೆ ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್. ಪದವಿಯೇ ಆಗಬೇಕೆಂಬ ನಿಯಮ ಬಂತು. ಅದಕ್ಕೆ ಬೇಕಾದ ಪ್ರಯೋಗಾಲಯ, ಹಾಸಿಗೆ, ಉನ್ನತ ಪದವಿಯ ಅಧ್ಯಾಪಕರು ಯಾವುದೂ ಸಾಲದು. ಇಲ್ಲವಾದರೆ ಮುಚ್ಚಬೇಕು. ಹಣ ಕೂಡಿಸಲು ಎಪ್ಪತ್ತು ದಾಟಿದ ಇಡಾ ಅಮೆರಿಕಕ್ಕೆ ಹೋದರು. ಮಹಾಯುದ್ಧದ ದಿನಗಳು ಬೇರೆ. ಆಗ ಎದುರಾದ ಪ್ರಶ್ನೆ ಹಣದ್ದಷ್ಟೇ ಆಗಿರಲಿಲ್ಲ. ಹುಡುಗರನ್ನೂ ಸೇರಿಸಿಕೊಂಡು, ಗಂಡಸರು ನಡೆಸುವ ಮಿಷನ್ ಮಂಡಳಿಗಳ ಬೆಂಬಲವನ್ನೂ ಪಡೆದರೆ ಕಾಲೇಜು ಉಳಿಯಬಲ್ಲದು ಎಂಬ ಯೋಚನೆ ಮುಂದೆ ಬಂತು.

ಇಡಾ ಅವರ ಸಂಸ್ಥೆ ಹುಟ್ಟಿದ್ದೇ ಹೆಂಗಸರಿಗಾಗಿ, ಹೆಂಗಸರಿಂದ. ಅಮೆರಿಕದ ಮಹಿಳೆಯರು ಹಣ ಕೊಟ್ಟದ್ದೂ ಆ ನಂಬಿಕೆಯ ಮೇಲೆ. ಕೊಟ್ಟ ಮಾತಿಗೆ ತಪ್ಪಿದಂತಾಗುತ್ತದೆಂದು ಹಳೆಯ ಬೆಂಬಲಿಗರಲ್ಲಿ ಕೆಲವರು ಕಟುವಾಗಿ ವಿರೋಧಿಸಿದರು. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಂಡಸರು ಬಂದ ಮೇಲೆ ಹೆಂಗಸರು ಹಿಂದೆ ಸರಿಯಬೇಕಾದ ಉದಾಹರಣೆಗಳು ಕಡಿಮೆಯೇ? ಆದರೂ ಇಡಾ ಬದಲಾವಣೆಗೆ ಒಪ್ಪಿದರು. 1942ರಲ್ಲಿ ಮದರಾಸು ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು, 1947ರಲ್ಲಿ ಹುಡುಗರೂ ಎಂ.ಬಿ.ಬಿ.ಎಸ್. ತರಗತಿಗೆ ಬಂದರು. ತಾನು ಕಂಡ ಕನಸಿನ ಆಕಾರವನ್ನೇ ಕೆಲಸ ಉಳಿಯಲೆಂದು ಬದಲಿಸುವುದಕ್ಕೆ, ಅದೂ ಸ್ನೇಹಿತರನ್ನು ಕಳೆದುಕೊಂಡು, ಕನಸು ಕಾಣುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಅಷ್ಟರಲ್ಲಿ ಅವರು ಹುದ್ದೆಯಿಂದಲೂ ಇಳಿದಿದ್ದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸಂಸ್ಥೆಯ ಹೊಣೆ ಭಾರತೀಯರೇ ಆದ ಡಾ. ಹಿಲ್ಡಾ ಲಾಜರಸ್ ಅವರಿಗೆ ಬಂತು. ವಿಶಾಖಪಟ್ಟಣದಲ್ಲಿ ಹುಟ್ಟಿ, ಸರಕಾರದ ಮಹಿಳಾ ವೈದ್ಯ ಸೇವೆಯಲ್ಲಿ ಮೇಲಿನವರೆಗೆ ಏರಿದ್ದವರು ಅವರು. ಇಡಾ ನಂತರದ ವರ್ಷಗಳನ್ನು ಕೊಡೈಕನಾಲ್‌ನ ಮನೆಯಲ್ಲಿ ಕಳೆದು 1960ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ಸಂಘ ಸಂಸ್ಥೆಗಳಲ್ಲಿ, ದೇವಸ್ಥಾನ ಚರ್ಚುಗಳ ಆಡಳಿತ ಮಂಡಳಿಗಳಲ್ಲಿ ಕುರ್ಚಿ ಬಿಡಿಸಲು ಕೋರ್ಟಿಗೇ ಹೋಗಬೇಕಾಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಅವರು ಕಟ್ಟಿದ ತಂಡ ಎಂಥದೆಂದು ತೋರಿಸಲು ಒಂದು ಸಂಗತಿ ಸಾಕು. ಕೇರಳದ ಡಾ. ಮೇರಿ ವರ್ಗೀಸ್ ವೆಲ್ಲೂರಿನಲ್ಲೇ ಓದಿ ಅಲ್ಲೇ ಕೆಲಸಕ್ಕೆ ಸೇರಿದ್ದ ತರುಣ ವೈದ್ಯೆ. 1954ರಲ್ಲಿ ಒಂದು ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ವೈದ್ಯವೃತ್ತಿ ಅಲ್ಲಿಗೆ ಮುಗಿಯಿತೆಂದೇ ಯಾರಾದರೂ ಹೇಳುತ್ತಿದ್ದರು. ಮರುಕದ ಮಾತಾಡಿ ಮನೆಗೆ ಕಳುಹಿಸಿದ್ದರೆ ತಪ್ಪೆನ್ನುವವರೂ ಇರುತ್ತಿರಲಿಲ್ಲ. ಅಲ್ಲಿ ಕುಷ್ಠರೋಗಿಗಳ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಇದ್ದರು. ಹೋದ ಕಾಲುಗಳನ್ನು ಬಿಟ್ಟು ಉಳಿದ ಕೈಗಳನ್ನು ಲೆಕ್ಕಕ್ಕೆ ತೆಗೆದುಕೊಂಡವರು ಅವರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಲ್ಲವೇ? ಮೇರಿ ಗಾಲಿಕುರ್ಚಿಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಗೆ ಮರಳಿದರು. ಆಮೇಲೆ ನ್ಯೂಯಾರ್ಕಿನಲ್ಲಿ ಪುನಶ್ಚೇತನ ವೈದ್ಯಕೀಯ ಕಲಿತು ಬಂದು ವೆಲ್ಲೂರಿನ ಆ ವಿಭಾಗದ ಮುಖ್ಯಸ್ಥೆಯಾದರು. ಬೆನ್ನುಹುರಿಗೆ ಪೆಟ್ಟು ಬಿದ್ದವರು ಒಳರೋಗಿಗಳಾಗಿದ್ದು ಚಿಕಿತ್ಸೆ ಪಡೆದು, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು ಕಲಿತು ಮನೆಗೆ ಮರಳುವ ಕೇಂದ್ರವೊಂದು 1966ರಲ್ಲಿ ಅವರ ನೇತೃತ್ವದಲ್ಲಿ ಅಲ್ಲಿ ತೆರೆಯಿತು. 1972ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿತು.