ಕಾರ್ಪೆಟ್ ತೊಳೆದು ಉಳಿದ ಲಿಕ್ವಿಡ್: ಇಡೋದಾ, ಚೆಲ್ಲೋದಾ?

ಕಳೆದ ವಾರ ಬಾಡಿಗೆ ಮಷಿನ್ ತಂದು ಮನೆಯ ಕಾರ್ಪೆಟ್ ತೊಳೆದೆ. ನೀರಲ್ಲಿ ಕಲಸಿದ ಲಿಕ್ವಿಡ್ ಅರ್ಧ ಲೀಟರ್ ಉಳೀತು. ಚೆಲ್ಲೋಕೆ ಮನಸ್ಸಾಗದೆ ಖಾಲಿ ಜ್ಯೂಸ್ ಬಾಟಲಿಗೆ ತುಂಬಿಸಿಟ್ಟೆ. ಸಂಜೆ ನೋಡಿದ್ರೆ ಅಕ್ಕನ ಮಗ, ನಾಲ್ಕು ವರ್ಷದವನು, ಅದರ ಮುಚ್ಚಳ ತಿರುಗಿಸ್ತಾ ನಿಂತಿದ್ದ. ಕಿತ್ತುಕೊಂಡೆ. ಏನೂ ಆಗಲಿಲ್ಲ, ಆದ್ರೆ ಎದೆ ಢವಢವ ಅಂತಿತ್ತು.

ಹಾಗಾದ್ರೆ ಉಳಿದದ್ದನ್ನ ಏನು ಮಾಡೋದು?

ನೀರು ಬೆರೆಸದ ಲಿಕ್ವಿಡ್ ಆದ್ರೆ ಚಿಂತೆಯಿಲ್ಲ. ಅದರದ್ದೇ ಬಾಟಲಿಯಲ್ಲಿ, ಬಿಸಿಲು ಬೀಳದ, ಮಕ್ಕಳಿಗೆ ಎಟುಕದ ಜಾಗದಲ್ಲಿಟ್ಟು, ಲೇಬಲ್‌ನಲ್ಲಿರೋ ಅವಧಿಯೊಳಗೆ ಬಳಸಿ.

ನೀರು ಬೆರೆಸಿದ್ದು ಹಾಗಲ್ಲ. ಕೆಡದಿರಲಿ ಅಂತ ಹಾಕಿರೋ ಪ್ರಿಸರ್ವೇಟಿವ್ ಕೂಡ ನೀರಿನ ಜೊತೆ ತೆಳುವಾಗುತ್ತೆ, ಬ್ಯಾಕ್ಟೀರಿಯಾ ಬೆಳೆದು ವಾಸನೆ ಬರಬಹುದು. ಕೆಲವು ಲಿಕ್ವಿಡ್‌ಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತೆ. ಅದು ನಿಧಾನಕ್ಕೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತೆ. ಕಲೆ ತೆಗೆಯೋ ಶಕ್ತಿ ಹೋಗುತ್ತೆ. ಬಿಗಿಯಾಗಿ ಮುಚ್ಚಿದ ಬಾಟಲಿ ಗಾಳಿ ತುಂಬಿ ಸಿಡಿಯಲೂಬಹುದು.

ಅದಕ್ಕೇ ಬೆರೆಸಿದ್ದು ಉಳಿದ್ರೆ ಅವತ್ತೇ ಡೋರ್‌ಮ್ಯಾಟ್‌ಗಳನ್ನ ತೊಳೆದುಬಿಡಿ. ಮಷಿನ್ ಹೀರಿಕೊಂಡ ಕೊಳೆ ನೀರನ್ನಂತೂ ಮತ್ತೆ ಬಳಸಬೇಡಿ. ಬೇರೆ ಕ್ಲೀನರ್, ಅದರಲ್ಲೂ ಬ್ಲೀಚ್ ಜೊತೆ ಯಾವತ್ತೂ ಬೆರೆಸಬೇಡಿ. ಅಮೋನಿಯ ಅಥವಾ ಆಸಿಡ್ ಇದ್ರೆ ವಿಷಾನಿಲ ಏಳುತ್ತೆ.

ನಾನು ಓದಿದ್ದು ಬಿಕಾಂ, ಉಳಿತಾಯ ಅಂದ್ರೆ ಇಷ್ಟ. ಆದ್ರೆ ಇಲ್ಲಿ ಉಳಿತಾಯ ಮಾಡಬೇಕಾದ್ದು ಕಲಸುವಾಗ. ಒಂದು ರೂಮಿಗೆ ಎಷ್ಟು ಬೇಕೋ ಅಷ್ಟೇ ಕಲಸಿ, ಸಾಲದಿದ್ರೆ ಮತ್ತೆ ಕಲಸಿದ್ರಾಯ್ತು. ಜ್ಯೂಸ್ ಬಾಟಲಿಯಲ್ಲಿ ಮಾತ್ರ ಜ್ಯೂಸೇ ಇರಲಿ.