ಹಸುವಿನ ಮೇವಿನ ಲೆಕ್ಕ: ಪಶು ಆಹಾರ ಸಲಹೆಗಾರರ ಕೆಲಸವೇನು?



ನಮ್ಮಲ್ಲಿ ಬಹುಮಂದಿಗೆ ಕಾಫಿ, ಅಡಿಕೆಗಳ ಹಣ ಕೈಸೇರುವುದು ವರ್ಷಕ್ಕೊಮ್ಮೆ. ಮಿಕ್ಕ ತಿಂಗಳುಗಳಲ್ಲಿ ಮನೆ ನಡೆಯುವುದು ಡೈರಿಯ ಬಟವಾಡೆಯಿಂದ. ತೋಟಕ್ಕೆ ಗೊಬ್ಬರ ಒದಗಿಸುವುದೂ ಅದೇ ಕೊಟ್ಟಿಗೆ. ಆದರೆ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕುಗಳ ಸದಸ್ಯರಿಂದ ಒಂದೇ ದೂರು ಕೇಳಿಬರುತ್ತಿದೆ: ಬಟವಾಡೆಯೆಲ್ಲ ಹಿಂಡಿ, ಬೂಸಾ ಅಂಗಡಿಗೆ ಹೋಗುತ್ತದೆ, ಹಸುವೂ ಸಕಾಲಕ್ಕೆ ಗಬ್ಬ ನಿಲ್ಲುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ಇದೇ ಕಾರಣಕ್ಕೆ ಒಂದು ಒಳ್ಳೆಯ ಮಿಶ್ರತಳಿ ಹಸುವನ್ನು ಅಗ್ಗಕ್ಕೆ ಮಾರಿದೆ. ಅದಕ್ಕೆ ನಾಲ್ಕು ಬಾರಿ ಕೃತಕ ಗರ್ಭಧಾರಣೆ ಮಾಡಿಸಿದ್ದೆನೇ ಹೊರತು, ಮೇವಿನಲ್ಲಿ ಕೊರತೆಯೇನೆಂದು ಯಾರನ್ನೂ ಕೇಳಿರಲಿಲ್ಲ. ಕೊಂಡವರ ಮನೆಯಲ್ಲಿ ಮರುವರ್ಷವೇ ಅದು ಕರು ಹಾಕಿತು. ಕೇಳಬೇಕಾದವರನ್ನು ಕೇಳಿದ್ದರೆ ಆ ನಷ್ಟ ತಪ್ಪುತ್ತಿತ್ತು.

ಲೆಕ್ಕ ಏಕೆ ಬೇಕಾಯಿತು?

ಹಿರಿಯರ ಕಾಲದಲ್ಲಿ ದನಗಳನ್ನು ಕಾಡಂಚಿಗೆ ಅಟ್ಟಿದರೆ ಹೊಟ್ಟೆ ತುಂಬುತ್ತಿತ್ತು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲ್ಲಿದ್ದ ಎಡೆಗಳನ್ನು ಲಂಟಾನ ಆವರಿಸಿತು. ಅದರ ಎಲೆ ತಿಂದ ದನಕ್ಕೆ ಕಾಮಾಲೆಯಾಗಿ, ಬಿಸಿಲಿಗೆ ಚರ್ಮ ಸುಲಿಯುವುದುಂಟು. ಈಗ ಹಸು ಕೊಟ್ಟಿಗೆಯಲ್ಲಿಯೇ ನಿಂತು, ನಾವು ಹಾಕಿದ್ದನ್ನಷ್ಟೇ ತಿನ್ನುತ್ತದೆ. ಆದ್ದರಿಂದ ಲೆಕ್ಕವೂ ನಮ್ಮ ಮೇಲೆಯೇ ಬಿದ್ದಿದೆ.

ಈ ಲೆಕ್ಕ ಹಾಕಿಕೊಡುವವರೇ ಪಶು ಆಹಾರ ಸಲಹೆಗಾರರು. ಆನಂದದ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯು 2012ರಲ್ಲಿ ಆರಂಭವಾದ ರಾಷ್ಟ್ರೀಯ ಡೈರಿ ಯೋಜನೆಯಡಿ, ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ, ಹಳ್ಳಿಯವರಿಗೇ ಈ ಕೆಲಸದಲ್ಲಿ ತರಬೇತಿ ಕೊಟ್ಟಿತು. ಅವರು ಮನೆಮನೆಗೆ ಹೋಗಿ, ಹಸುವಿನ ಕಿವಿಗೆ ಓಲೆ ಹಾಕಿ, ಅಳತೆ ತೆಗೆದು, ಮೇವಿನ ಪ್ರಮಾಣವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ಹೇಳುತ್ತಿದ್ದರು. ಯೋಜನೆ 2019ಕ್ಕೆ ಮುಗಿಯಿತು. ವಿಧಾನ ಮಾತ್ರ ಈಗಲೂ ನಮ್ಮ ಉಪಯೋಗಕ್ಕಿದೆ.

ಅಳತೆಯಿಂದ ಆರಂಭ

ಸಲಹೆಗಾರರು ಮೊದಲು ಕೇಳುವುದು ಹಸುವಿನ ತೂಕ. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಹಿಂಬದಿಯ ಮೂಳೆಯವರೆಗಿನ ಉದ್ದವನ್ನೂ ಅಂಗುಲದಲ್ಲಿ ತೆಗೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋಗ್ರಾಂ ತೂಕ ಸಿಗುತ್ತದೆ. ಸುತ್ತಳತೆ 64, ಉದ್ದ 54 ಅಂಗುಲವಾದರೆ ಹಸು ಸುಮಾರು 335 ಕೆ.ಜಿ. ತೂಗುತ್ತದೆ.

ಹಾಲು ಕರೆಯುವ ಮಿಶ್ರತಳಿ ಹಸುವಿಗೆ ದಿನವೊಂದಕ್ಕೆ ಅದರ ತೂಕದ ನೂರಕ್ಕೆ ಮೂರು ಪಾಲಿನಷ್ಟು ಒಣ ಪದಾರ್ಥ ಬೇಕು. ನೀರಿನಂಶ ಕಳೆದು ಉಳಿಯುವ ಭಾಗಕ್ಕೆ ಒಣ ಪದಾರ್ಥವೆನ್ನುತ್ತಾರೆ. ನಮ್ಮ ಹಸುವಿಗೆ ಅದು 10 ಕೆ.ಜಿ. ಆಯಿತು. ಇದರಲ್ಲಿ ಸುಮಾರು ಮೂರನೆಯ ಎರಡು ಪಾಲು ಹುಲ್ಲು ಮತ್ತು ಹಸಿಮೇವಿನಿಂದ, ಒಂದು ಪಾಲು ಹಿಂಡಿ ಅಥವಾ ಪಶು ಆಹಾರದಿಂದ ಬರಬೇಕು.

ಎಂಟು ಲೀಟರ್ ಹಾಲು ಕೊಡುವ ಇಂಥ ಹಸುವಿಗೆ ನಮ್ಮವರು ಸಾಮಾನ್ಯವಾಗಿ ಐದಾರು ಕೆ.ಜಿ. ಪಶು ಆಹಾರ ಹಾಕಿ, ಉಳಿದುದಕ್ಕೆ ರಾಗಿ ಹುಲ್ಲು ಎಸೆಯುತ್ತಾರೆ. ಅದರ ಬದಲು 12 ಕೆ.ಜಿ. ಹೈಬ್ರಿಡ್ ನೇಪಿಯರ್ ಹುಲ್ಲು, 5 ಕೆ.ಜಿ. ಹಸಿ ಅಲಸಂದೆ ಮೇವು, 4 ಕೆ.ಜಿ. ರಾಗಿ ಹುಲ್ಲು ಕೊಟ್ಟರೆ ಮೂರೂವರೆ ಕೆ.ಜಿ. ಪಶು ಆಹಾರ ಸಾಕಾಗುತ್ತದೆ. ಆರು ಕೆ.ಜಿ. ಹಾಕುತ್ತಿದ್ದವರಿಗೆ ತಿಂಗಳಿಗೆ 75 ಕೆ.ಜಿ., ಎಂದರೆ ಐವತ್ತು ಕೆ.ಜಿ.ಯ ಒಂದೂವರೆ ಮೂಟೆ ಉಳಿಯಿತು.

ಹೆಚ್ಚು ಹಿಂಡಿ ಹಾಕಿದರೆ ತಪ್ಪೇನು?

ಹಸುವಿನ ಮೊದಲ ಹೊಟ್ಟೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿದ್ದು, ನಾರನ್ನು ಕೊಳೆಯಿಸಿ ಹಸುವಿಗೆ ಒದಗಿಸುತ್ತವೆ. ಹಾಲಿನ ಜಿಡ್ಡು ಬಹುಮಟ್ಟಿಗೆ ಈ ನಾರಿನಿಂದಲೇ ಉಂಟಾಗುತ್ತದೆ. ಹುಲ್ಲು ಕಡಿಮೆಯಾಗಿ ಹಿಟ್ಟು, ಅನ್ನ ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ಕಡಿಮೆಯಾಗಿ, ಜಿಡ್ಡು ಇಳಿಯುತ್ತದೆ. ಡೈರಿಯಲ್ಲಿ ದರ ಕಡಿತವಾದಾಗ ನಾವು ಪರೀಕ್ಷೆ ಮಾಡುವವರನ್ನು ದೂರುತ್ತೇವೆ. ಮೊದಲು ನೋಡಬೇಕಾದುದು ಗೋದಲಿಯನ್ನು. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ಒಮ್ಮೆಗೇ ಸುರಿದರೆ ಹಸು ಸಾಯಲೂಬಹುದು.

ಖನಿಜದ ಕೊರತೆ ಇನ್ನೊಂದು. ಒಂದು ಲೀಟರ್ ಹಾಲಿನೊಡನೆ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಹೊರಹೋಗುತ್ತದೆ. ರಂಜಕ, ಸತು, ತಾಮ್ರಗಳು ಕಡಿಮೆಯಾದರೆ ಹಸು ಸರಿಯಾಗಿ ಬೆದೆಗೆ ಬಾರದು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು, ಲೀಟರ್ ಹಾಲಿಗೆ ನಾಲ್ಕೈದು ಲೀಟರಿನಂತೆ ಕುಡಿಯುವ ನೀರು ತಪ್ಪಬಾರದು. ಗಬ್ಬ ನಿಲ್ಲದಿರುವುದಕ್ಕೆ ಬೇರೆ ರೋಗಗಳೂ ಕಾರಣವಾಗಬಹುದು; ಅದನ್ನು ಪಶುವೈದ್ಯರೇ ಹೇಳಬೇಕು.

ತೋಟದಲ್ಲಿರುವ ಮೇವು

ಕಾಫಿಯ ನೆರಳಿಗೆ ಬೆಳೆಸಿದ ಹಾಲುವಾಣ, ಬೇಲಿಯ ಗ್ಲಿರಿಸಿಡಿಯಾ ಸೊಪ್ಪುಗಳಲ್ಲಿ ಸಸಾರಜನಕ ಚೆನ್ನಾಗಿದೆ. ಗ್ಲಿರಿಸಿಡಿಯಾವನ್ನು ಬಾಡಿಸಿ, ಹುಲ್ಲಿನೊಡನೆ ಬೆರೆಸಿ, ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು. ಅಡಿಕೆ ಹಾಳೆಯನ್ನು ಸಣ್ಣಗೆ ಕತ್ತರಿಸಿ ಒಣಹುಲ್ಲಿಗೆ ಬದಲಾಗಿ ಕೊಡಬಹುದು. ಅದರಲ್ಲಿ ಸಸಾರಜನಕ ಬಹಳ ಕಡಿಮೆಯೆಂಬುದನ್ನು ಮರೆಯಬಾರದು. ಬೂಷ್ಟು ಹಿಡಿದ ಹಾಳೆಯಾಗಲಿ, ಬೋರ್ಡೋ ಮಿಶ್ರಣ ಅಂಟಿದ ಹಾಳೆಯಾಗಲಿ ಬೇಡ. ಗುಂಡ್ಲುಪೇಟೆ ಕಡೆಯವರು ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆ ಜೋಳದ ಪೈರಿಗೆ ದನ ಬಿಡಬಾರದು. ಅದರಲ್ಲಿರುವ ವಿಷ ಕ್ಷಣಾರ್ಧದಲ್ಲಿ ಕೊಲ್ಲಬಲ್ಲದು.

ಯಾವ ಬದಲಾವಣೆಯನ್ನಾದರೂ ವಾರ, ಹತ್ತು ದಿನಗಳಲ್ಲಿ ಕ್ರಮೇಣ ಮಾಡತಕ್ಕದ್ದು. ಮೇಲಿನ ಲೆಕ್ಕವೂ ಒಂದು ಮಾದರಿಯಷ್ಟೆ. ಗಬ್ಬದ ಹಸುವಿಗೆ, ಈಗತಾನೆ ಈದ ಹಸುವಿಗೆ ಬೇರೆ ಲೆಕ್ಕವಿದೆ. ಆದ್ದರಿಂದ ಹಾಲು ಒಕ್ಕೂಟದ ಪಶುವೈದ್ಯರನ್ನಾಗಲಿ, ಹತ್ತಿರದ ಪಶು ಆಸ್ಪತ್ರೆಯನ್ನಾಗಲಿ, ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಿ. ಹೋಗುವಾಗ ಹಸುವಿನ ಅಳತೆ, ದಿನದ ಹಾಲು, ಈದ ತಾರೀಖು, ಹಾಕುತ್ತಿರುವ ಮೇವಿನ ತೂಕ, ಇವಿಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಸುವನ್ನು ಸಂತೆಗೆ ಹೊಡೆಯುವ ಮುನ್ನ ಈ ಚೀಟಿ ಬರೆಯುವಂತಾದರೆ ನನ್ನ ಬರಹ ಸಾರ್ಥಕ.

— ಕಾರ್ಯದರ್ಶಿ