ಹವಾಸುಪಾಯಿ: ಹೆಸರಿನ ಎಲ್ಲೆ, ನುಡಿಯ ಎಲ್ಲೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಗ್ರ್ಯಾಂಡ್ ಕ್ಯಾನಿಯನ್ನಿನ ಒಂದು ಪಾರ್ಶ್ವಕಣಿವೆಯ ತಳದಲ್ಲಿರುವ ಸುಪಾಯಿ ಗ್ರಾಮಕ್ಕೆ ಮೋಟಾರು ರಸ್ತೆಯಿಲ್ಲ. ಅಂಚೆಯು ಹೇಸರಗತ್ತೆಗಳ ಬೆನ್ನೇರಿ ಇಳಿಯುತ್ತದೆ. ಇಲ್ಲಿ ನೆಲೆಸಿರುವ ಹವಾಸುಪಾಯಿ ಜನರ ಹೆಸರನ್ನು ‘ನೀಲಿ-ಹಸಿರು ನೀರಿನ ಜನ’ ಎಂದು ಅರ್ಥೈಸುವುದು ರೂಢಿ. ಸುಣ್ಣದಂಶ ಹೆಚ್ಚಿರುವ ಅಲ್ಲಿನ ತೊರೆಯ ಬಣ್ಣವನ್ನು ಕಂಡವರಿಗೆ ಈ ಅರ್ಥ ತಾನೇತಾನಾಗಿ ಒಪ್ಪಿಗೆಯಾಗುತ್ತದೆ. ಬಹುಶಃ ಆ ಕಾರಣಕ್ಕೇ ಹೆಸರಿನ ಒಳರಚನೆಯನ್ನು ಪರಿಶೀಲಿಸುವ ಪ್ರಯತ್ನ ಕಡಿಮೆ. ಈ ಹೆಸರು ಎಳೆಯುವ ಎಲ್ಲೆಯು ನುಡಿಯ ಎಲ್ಲೆಯೂ ಅಲ್ಲ, ಆ ಜನರ ನೆಲದ ಎಲ್ಲೆಯೂ ಅಲ್ಲ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಚಲಿತ ವಿವರಣೆಯು ಹೆಸರನ್ನು ಮೂರು ಆಕೃತಿಮಾಗಳಾಗಿ ಒಡೆಯುತ್ತದೆ: ‘ಹ’ ಎಂದರೆ ನೀರು, ‘ವಸು’ ಎಂದರೆ ನೀಲಿ-ಹಸಿರು, ‘ಪಾಯಿ’ ಎಂದರೆ ಜನ. ಆದರೆ ಇದೇ ಯೂಮನ್ ಕುಟುಂಬಕ್ಕೆ ಸೇರಿದ ಮೊಹಾವೆ ಭಾಷೆಯಲ್ಲಿ ‘ಹವಸು’ ಎಂಬುದು ಇಡಿಯಾಗಿ ಬಣ್ಣವಾಚಿ. ಕೊಲೊರಾಡೊ ನದಿಯ ಹವಾಸು ಸರೋವರದ ಹೆಸರನ್ನು ವಿವರಿಸುವುದೂ ಈ ಪದದಿಂದಲೇ. ಕ್ವೆಚಾನ್ ಭಾಷೆಯ ಬಣ್ಣವಾಚಿಯೂ ಇದೇ ಆಕಾರದ್ದು. ಹಾಗಿರುವಾಗ ಮೊದಲ ಅಕ್ಷರವೊಂದನ್ನೇ ಆಧಾರವಾಗಿಟ್ಟು ಹೆಸರಿನೊಳಗೆ ನೀರನ್ನು ಕಾಣುವುದು ದುಡುಕಾಗುತ್ತದೆ. ನೀರಿನ ಪದವು ಬಣ್ಣದ ಪದದೊಳಗೆ ಹಿಂದೆಂದೋ ಬೆಸೆದುಕೊಂಡಿರುವ ಸಾಧ್ಯತೆಯನ್ನು ಇದು ತಳ್ಳಿಹಾಕುವುದಿಲ್ಲ. ಜನರು ತಮ್ಮ ಹೆಸರಿಗೆ ಕೊಡುವ ಅರ್ಥಕ್ಕೆ ಅದರದೇ ಅಧಿಕಾರವಿದೆ; ಅದನ್ನು ಆಕೃತಿಮಾ ವಿಶ್ಲೇಷಣೆಯೆಂದು ಉಲ್ಲೇಖಿಸುವುದು ಮಾತ್ರ ನಮ್ಮ ತಪ್ಪು. ‘ನೀಲಿ-ಹಸಿರು’ ಎಂಬ ಅನುವಾದವೂ ದಾರಿ ತಪ್ಪಿಸುತ್ತದೆ. ಅದು ಎರಡರ ನಡುವಣ ಛಾಯೆಯ ಹೆಸರಲ್ಲ. ನಾವು ನೀಲಿ, ಹಸಿರು ಎಂದು ಎರಡಾಗಿ ವಿಂಗಡಿಸುವ ವರ್ಣವ್ಯಾಪ್ತಿಯನ್ನೆಲ್ಲ ಒಂದೇ ಪದವು ಆವರಿಸುತ್ತದೆ.

ಇನ್ನು ‘ಪಾಯಿ’. ಸಮುದಾಯದವರು ತಮ್ಮ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಉತ್ತರಪದವನ್ನು ‘ಬಾಜ’ ಎಂಬಂತೆ ಬರೆಯುತ್ತಾರೆ. ಇಲ್ಲಿ ಕನ್ನಡದ ಓದುಗ ಎಚ್ಚರ ವಹಿಸಬೇಕು. ಈ ಭಾಷೆಯಲ್ಲಿ ವ್ಯತಿರಿಕ್ತವಾಗಿರುವುದು ಅಲ್ಪಪ್ರಾಣ ಮತ್ತು ಮಹಾಪ್ರಾಣ ಸ್ಪರ್ಶಗಳು, ಘೋಷ-ಅಘೋಷಗಳಲ್ಲ. ಇಂಗ್ಲಿಷಿನ ಪದಾದಿಯ ಪಕಾರವು ಮಹಾಪ್ರಾಣಸದೃಶವಾದುದರಿಂದ, ಅಲ್ಪಪ್ರಾಣ ಅಘೋಷಕ್ಕೆ ಬಕಾರದ ಅಕ್ಷರವನ್ನು ಕೊಡುವುದು ರೋಮನ್ ಬರವಣಿಗೆಗೆ ಅನುಕೂಲವಾಯಿತು. ನಮ್ಮ ಲಿಪಿಗೆ ಆ ತೊಡಕಿಲ್ಲ. ಉಚ್ಚಾರಣೆಯನ್ನು ಅನುಸರಿಸುವುದಾದರೆ ನಾವು ಬರೆಯಬೇಕಾದದ್ದು ‘ಪಾಚ’. ರೋಮನ್ ಅಕ್ಷರಗಳನ್ನು ಯಥಾವತ್ತಾಗಿ ಲಿಪ್ಯಂತರಿಸಿದರೆ ಇಲ್ಲದ ಘೋಷತ್ವವನ್ನು ಆ ಜನರ ಹೆಸರಿಗೇ ಹಚ್ಚಿದಂತಾಗುತ್ತದೆ.

ಇದೇ ಉತ್ತರಪದವು ನೆರೆಯ ಹುವಾಲಪಾಯಿ, ಯವಪಾಯಿ ಎಂಬ ಹೆಸರುಗಳಲ್ಲಿಯೂ ಇದೆ. ಹುವಾಲಪಾಯಿ ಎಂದರೆ ‘ಎತ್ತರದ ಪೈನ್ ಮರಗಳ ಜನ’. ಭಾಷಾವಿಜ್ಞಾನಿಗಳು ಈ ಶಾಖೆಗೆ ಇಟ್ಟ ‘ಪಾಯಿ’ ಎಂಬ ಹೆಸರು ಕೂಡ ಇಲ್ಲಿಂದಲೇ ಬಂದದ್ದು. ಅಂದರೆ ವರ್ಗೀಕರಣದ ಪಾರಿಭಾಷಿಕವು ಮೂಲತಃ ‘ಜನ’ ಎಂಬ ಪದವೇ. ಹವಾಸುಪಾಯಿ ಮತ್ತು ಹುವಾಲಪಾಯಿ ನುಡಿಗಳು ಪರಸ್ಪರ ಗ್ರಾಹ್ಯವಾದುದರಿಂದ ಭಾಷಾವಿಜ್ಞಾನಿಗಳು ಅವನ್ನು ಒಂದೇ ಭಾಷೆಯ ಎರಡು ಪ್ರಭೇದಗಳೆಂದು ಎಣಿಸುತ್ತಾರೆ. ಆಡುವವರು ಎರಡು ಜನಾಂಗಗಳೆಂದು ಎಣಿಸುತ್ತಾರೆ. ನಮ್ಮನ್ನು ಆಕರ್ಷಿಸುವ ವ್ಯಾಕರಣ ಲಕ್ಷಣಗಳು ಈ ಎಣಿಕೆಗೆ ನೆರವಾಗುವುದಿಲ್ಲ. ಕ್ರಿಯಾಂತ್ಯ ವಾಕ್ಯರಚನೆ, ಮುಂದಿನ ಕ್ರಿಯೆಯ ಕರ್ತೃ ಅದೇ ಆದರೆ ‘ಕ್’, ಬೇರೆಯಾದರೆ ‘ಮ್’ ಎಂಬ ಪ್ರತ್ಯಯ — ಇವೆರಡೂ ಯೂಮನ್ ಕುಟುಂಬದಲ್ಲಿ ವ್ಯಾಪಕ. (ಕನ್ನಡದ ಭೂತನ್ಯೂನವು ‘ಕ್’ ಪ್ರತ್ಯಯವನ್ನು ನೆನಪಿಸಬಹುದು, ಆದರೆ ‘ಮಳೆ ಬಂದು ಕೆರೆ ತುಂಬಿತು’ ಎನ್ನುವಲ್ಲಿ ಕನ್ನಡವು ಕರ್ತೃಭೇದವನ್ನು ಸಹಿಸಿಕೊಳ್ಳುತ್ತದೆ.) ಭೇದವು ಎದ್ದು ಕಾಣುವುದು ಬರಹದಲ್ಲಿ. ಹುವಾಲಪಾಯಿಯ ಪರಾಮರ್ಶನ ವ್ಯಾಕರಣ 1982ರಲ್ಲಿ, ಲಿಯಾನ್ ಹಿಂಟನ್ ಮತ್ತು ಸಮುದಾಯದವರ ದುಡಿಮೆಯ ಹವಾಸುಪಾಯಿ ನಿಘಂಟು 1984ರಲ್ಲಿ ಬಂದವು; ಎರಡಕ್ಕೂ ಪ್ರತ್ಯೇಕ ಬರಹ ಪದ್ಧತಿಗಳು. ಒಂದೇ ಭಾಷೆಗೆ ಎರಡು ಕಾಗುಣಿತಗಳು ಅಪವ್ಯಯವೆಂದು ಹೊರಗಿನವರಿಗೆ ತೋರಬಹುದು. ಶಾಲೆಯ ಪುಸ್ತಕ ಯಾರದೆಂಬ ಪ್ರಶ್ನೆಗೆ ಪರಸ್ಪರ ಗ್ರಾಹ್ಯತೆ ಉತ್ತರವಾಗದು ಎಂಬುದು ನನ್ನ ಅಭಿಪ್ರಾಯ.

ಹೆಸರಿನ ಭಾರ ಹೆಚ್ಚು ಬಿದ್ದದ್ದು ನೆಲದ ಮೇಲೆ. ಈ ಜನ ಬೇಸಿಗೆಯಲ್ಲಿ ಕಣಿವೆಯೊಳಗೆ ನೀರು ಹಾಯಿಸಿ ಜೋಳ, ಅವರೆ ಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದರು. ಚಳಿಗಾಲವನ್ನು ಮೇಲಿನ ಪ್ರಸ್ಥಭೂಮಿಯಲ್ಲಿ ಬೇಟೆಯಾಡಿ, ಸಂಗ್ರಹಿಸಿ ಕಳೆಯುತ್ತಿದ್ದರು. ‘ನೀರಿನ ಜನ’ ಎಂಬ ಹೆಸರು ವರ್ಷದ ಅರ್ಧವನ್ನಷ್ಟೇ ಹೇಳುತ್ತದೆ. 1882ರ ಅಧ್ಯಕ್ಷೀಯ ಆದೇಶವು ಅವರಿಗೆ ಉಳಿಸಿದ್ದು ಕಣಿವೆಯ ತಳದ 518 ಎಕರೆ ಮಾತ್ರ. ಆದೇಶಕ್ಕೆ ಹೆಸರು ಕಾರಣವಲ್ಲ. ಆದರೂ ಕಣಿವೆಯೇ ಅವರ ಸಹಜ ನೆಲೆಯೆಂಬ ಭಾವನೆಗೆ ಆ ಅರ್ಥವಿವರಣೆ ಒತ್ತಾಸೆಯಾಗಿ ನಿಲ್ಲುತ್ತದೆ. ಪ್ರಸ್ಥಭೂಮಿಯ ಸುಮಾರು 1,85,000 ಎಕರೆ ಮರಳಿ ದೊರೆತದ್ದು 1975ರಲ್ಲಿ. ಆ ಎತ್ತರದ ಸೀಮೆಗೆ ನಕಾಶೆಯಲ್ಲಿ ‘ಕೊಕೊನಿನೊ’ ಎಂಬ ಹೆಸರಿದೆ. ಅದೂ ಇವರದೇ ಹೆಸರು, ಆದರೆ ನೆರೆಯ ಹೋಪಿ ಜನ ಇವರನ್ನು ಕರೆಯುತ್ತಿದ್ದ ಹೆಸರಿನಿಂದ ಬಂದದ್ದು. ಗ್ರ್ಯಾಂಡ್ ಕ್ಯಾನಿಯನ್ನಿನೊಳಗೆ, ಸುಪಾಯಿಯಿಂದ ದೂರದಲ್ಲಿ, ‘ಇಂಡಿಯನ್ ಗಾರ್ಡನ್’ ಎನಿಸಿಕೊಂಡಿದ್ದ ತಾಣವೊಂದಿದೆ. ಅಲ್ಲಿ ತೋಟ ಮಾಡುತ್ತಿದ್ದ ಕೊನೆಯ ಹವಾಸುಪಾಯಿ ನಿವಾಸಿಯನ್ನು 1928ರಲ್ಲಿ ಉದ್ಯಾನದ ಆಡಳಿತ ಹೊರಹಾಕಿತು. 2022ರ ನವೆಂಬರಿನಲ್ಲಿ ಸಮುದಾಯದ ಕೋರಿಕೆಯ ಮೇರೆಗೆ ಅದು ಅಧಿಕೃತವಾಗಿ ‘ಹವಾಸುಪಾಯಿ ಗಾರ್ಡನ್ಸ್’ ಆಯಿತು.